ಐಪ್ಯಾಕ್ ಹಾಳೆ, ಸೊಂಟದ ಪೆಡೋಮೀಟರ್, ಕೈಯ ಬ್ಯಾಂಡ್: ಬಿ.ಪಿ.ಎಡ್. ತರಗತಿಯ ಚಟುವಟಿಕೆ ಅಳೆಯಲು ಯಾವುದನ್ನು ನಂಬಬಹುದು?

ದೈಹಿಕ ಶಿಕ್ಷಕರಾಗಲು ಬಿ.ಪಿ.ಎಡ್. ಓದುತ್ತಿರುವ ಹುಡುಗ ಹುಡುಗಿಯರು ವಾರಕ್ಕೆ ನಿಜವಾಗಿ ಎಷ್ಟು ಮೈ ಬಗ್ಗಿಸುತ್ತಾರೆ? ಅದರ ಮುಂದಿನ ಸ್ನಾತಕೋತ್ತರ ಪದವಿಯಾದ ಎಂ.ಪಿ.ಎಡ್.ನ ಪ್ರಬಂಧಕ್ಕೆ ವಿಷಯ ಹುಡುಕುವವರ ಕೈಗೆ ಬೇಗ ಸಿಗುವ ಪ್ರಶ್ನೆ ಇದು. ಮಾದರಿ ಅಂಗಳದಲ್ಲೇ ಇದೆ, ಪ್ರಶ್ನಾವಳಿ ಪುಕ್ಕಟೆ, ಕೋಷ್ಟಕ ತಯಾರಾಗಲು ಹೆಚ್ಚು ದಿನ ಬೇಡ. ಉತ್ತರವೂ ಬಹುಮಟ್ಟಿಗೆ ಮೊದಲೇ ಊಹಿಸಬಹುದಾದದ್ದು. ‘ಹೆಚ್ಚು ಚಟುವಟಿಕೆ’ ಎಂಬ ವರ್ಗ ತುಂಬಿ ತುಳುಕುತ್ತದೆ. ಅದನ್ನು ಬಿ.ಕಾಂ. ಓದುವವರ ಅಂಕಿಗಳ ಪಕ್ಕ ಇಟ್ಟು ‘ಗಣನೀಯ ವ್ಯತ್ಯಾಸ ಕಂಡುಬಂದಿದೆ’ ಎಂದು ಬರೆದರೆ, ಹೇಳಿದ್ದು ವಿದ್ಯಾರ್ಥಿಗಳ ಬಗ್ಗೆ ಅಲ್ಲ, ಅವರ ವೇಳಾಪಟ್ಟಿಯ ಬಗ್ಗೆ.

ತಿಳಿಯಬೇಕಾದದ್ದು ಬೇರೆ ಎರಡು ಸಂಗತಿ. ಪ್ರಾಯೋಗಿಕ ತರಗತಿಯ ಹೊತ್ತಿನಲ್ಲಿ ಪ್ರತಿಯೊಬ್ಬರೂ ಎಷ್ಟು ನಿಮಿಷ ನಿಜವಾಗಿ ಓಡಾಡುತ್ತಾರೆ? ಹಾಜರಿ ತೆಗೆದುಕೊಳ್ಳುವವರು ಇಲ್ಲದ ಹೊತ್ತಿನಲ್ಲಿ ಎಷ್ಟು? ನಾಳೆ ಶಾಲೆಯಲ್ಲಿ ಕೆಲಸ ಸಿಕ್ಕಮೇಲೆ ಉಳಿಯುವ ಅಭ್ಯಾಸ ಎರಡನೆಯದು ಮಾತ್ರ. ಈ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸುವ ಸಾಧನ ಯಾವುದು ಎಂಬ ಒಂದೇ ಮಾನದಂಡದಿಂದ ಇಲ್ಲಿನ ವಿಮರ್ಶೆ. ನೋಡಿದ ಜಾಗ ಶಿವಮೊಗ್ಗ ಮತ್ತು ಸುತ್ತಲಿನ ಮಲೆನಾಡು. ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು, ದಾರಿ ಏರಿಳಿತ, ದಿನವೂ ಬಸ್ ಹತ್ತಿ ಬರುವವರು ಬಹಳ, ರಜೆಗೆ ಮನೆಗೆ ಹೋದರೆ ಗದ್ದೆ ಇಲ್ಲವೇ ಅಡಿಕೆ ತೋಟ.

ಅವಸರದವರಿಗೆ ತೀರ್ಪು ಮೊದಲೇ: ಕಾಲೇಜು ದುಡ್ಡು ಕೊಟ್ಟು ಕೊಳ್ಳುವುದಾದರೆ ಸೊಂಟಕ್ಕೆ ಸಿಕ್ಕಿಸುವ, ಹೆಜ್ಜೆ ಎಣಿಸುವ ಪೆಡೋಮೀಟರ್ ಕೊಳ್ಳಲಿ, ಜೊತೆಗೆ ಗೆರೆ ಎಳೆದ ಒಂದು ನೋಟ್‌ಬುಕ್. ಪ್ರಶ್ನಾವಳಿ ಬೇಕೇ ಬೇಕೆಂದರೆ ಐಪ್ಯಾಕ್ ಚಿಕ್ಕ ನಮೂನೆಯ ಬದಲು ವಿಶ್ವ ಆರೋಗ್ಯ ಸಂಸ್ಥೆಯ ಜಿಪ್ಯಾಕ್ (ಎರಡರ ವಿವರವೂ ಕೆಳಗಿದೆ). ಕೈಗೆ ಕಟ್ಟುವ ಬ್ಯಾಂಡ್ ಸ್ವಂತಕ್ಕೆ ಚೆನ್ನ, ತರಗತಿಯ ಅಳತೆಗೆ ಬೇಡ.

ಏಳು ಪ್ರಶ್ನೆಯ ಹಾಳೆ

ಐಪ್ಯಾಕ್ ಎಂದರೆ ಅಂತರರಾಷ್ಟ್ರೀಯ ದೈಹಿಕ ಚಟುವಟಿಕೆ ಪ್ರಶ್ನಾವಳಿ. ಬಳಸಲು ಯಾರ ಅನುಮತಿಯೂ ಬೇಡ, ಶುಲ್ಕವೂ ಇಲ್ಲ. ಚಿಕ್ಕ ನಮೂನೆಯಲ್ಲಿ 7 ಪ್ರಶ್ನೆ. ಕಳೆದ 7 ದಿನಗಳಲ್ಲಿ ಜೋರಾದ ಚಟುವಟಿಕೆ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು; ಮಧ್ಯಮ ಚಟುವಟಿಕೆ ಎಷ್ಟು ದಿನ, ಎಷ್ಟು ಹೊತ್ತು; ನಡಿಗೆ ಎಷ್ಟು ದಿನ, ಎಷ್ಟು ಹೊತ್ತು; ಕೊನೆಯದಾಗಿ ಕುಳಿತ ಸಮಯ. ತುಂಬಿಸಲು ಐದು ನಿಮಿಷ ಸಾಕು. ಈ ಸಲೀಸೇ ಅದರ ದೊಡ್ಡ ಗುಣ, ದೊಡ್ಡ ದೋಷವೂ ಹೌದು.

ಲೆಕ್ಕ ಹೀಗೆ: ದಿನ × ನಿಮಿಷ × ಮೆಟ್. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿ 1 ಮೆಟ್. ಐಪ್ಯಾಕ್ ನಡಿಗೆಗೆ 3.3, ಮಧ್ಯಮಕ್ಕೆ 4, ಜೋರಾದದ್ದಕ್ಕೆ 8 ಕೊಡುತ್ತದೆ. ‘ಹೆಚ್ಚು’ ವರ್ಗಕ್ಕೆ ಎರಡು ಬಾಗಿಲು: ಜೋರಾದ ಚಟುವಟಿಕೆ 3 ದಿನವಾದರೂ ಇದ್ದು ಅದೊಂದರಿಂದಲೇ ವಾರಕ್ಕೆ 1500 ಮೆಟ್-ನಿಮಿಷ ಆಗಬೇಕು, ಇಲ್ಲವೇ ಮೂರೂ ಬಗೆ ಸೇರಿ 7 ದಿನ ಆಗಿ ಒಟ್ಟು 3000 ಮುಟ್ಟಬೇಕು.

ಈಗ ಬಿ.ಪಿ.ಎಡ್. ಓದುವ ಒಬ್ಬರ ಹಾಳೆ ಊಹಿಸಿಕೊಳ್ಳಿ. ಜೋರಾದದ್ದು 5 ದಿನ, ದಿನಕ್ಕೆ 90 ನಿಮಿಷ: 5 × 90 × 8 = 3600. ಮಧ್ಯಮ 4 ದಿನ, 60 ನಿಮಿಷ: 960. ನಡಿಗೆ 6 ದಿನ, 40 ನಿಮಿಷ: 792. ಒಟ್ಟು 5352. ಎರಡೂ ಬಾಗಿಲಿಂದ ಒಳಗೆ. ಆದರೆ ಆ 90 ನಿಮಿಷ ಎಲ್ಲಿಂದ ಬಂತು? ವೇಳಾಪಟ್ಟಿಯಲ್ಲಿ ಪ್ರಾಯೋಗಿಕ ತರಗತಿ 90 ನಿಮಿಷ ಎಂದಿದೆ, ಅದನ್ನೇ ಬರೆದದ್ದು. ಅದರಲ್ಲಿ ನಿಜವಾಗಿ ಏದುಸಿರು ಬಂದದ್ದು 35 ನಿಮಿಷ ಎಂದಿಟ್ಟುಕೊಳ್ಳಿ. 5 × 35 × 8 = 1400. ಮೊದಲ ಬಾಗಿಲು ಮುಚ್ಚಿತು. ಒಟ್ಟು ಇನ್ನೂ 3152, ಎರಡನೆಯದರಿಂದ ನುಸುಳಬಹುದು. ಮಧ್ಯಮದ 60 ನಿಮಿಷವೂ ಹೀಗೆಯೇ 30ಕ್ಕೆ ಇಳಿದರೆ 480, ಒಟ್ಟು 2672. ಈಗ ಅದೇ ವ್ಯಕ್ತಿ, ಅದೇ ವಾರ, ವರ್ಗ ಮಾತ್ರ ‘ಮಧ್ಯಮ’. ಪ್ರಬಂಧದ ಫಲಿತಾಂಶವೇ ಮಗುಚಿ ಬಿತ್ತು, ಕಾರಣ ಮೈದಾನದ ಅಂಚಿನಲ್ಲಿ ನಿಂತ ಹೊತ್ತು.

ಆ ನಿಂತ ಹೊತ್ತು ಸಣ್ಣದಲ್ಲ. 50 ಜನರ ತರಗತಿ, ಒಂದೇ ಕಬಡ್ಡಿ ಅಂಕಣ: ಆಡುವವರು ಎರಡು ಕಡೆ 7ರಂತೆ 14, ಉಳಿದ 36 ಜನ ಗೆರೆಯಾಚೆ. ವಾಲಿಬಾಲ್ ಆದರೆ ಒಳಗೆ 12. ಖೋ-ಖೋ ಇನ್ನೂ ವಿಚಿತ್ರ. ಅಂಕಣದೊಳಗೆ 12 ಜನ ಇದ್ದರೂ ಬೆನ್ನಟ್ಟುವ ತಂಡದ 9ರಲ್ಲಿ 8 ಜನ ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಆ ಕ್ಷಣಕ್ಕೆ ಓಡುತ್ತಿರುವವರು ಬೆನ್ನಟ್ಟುವ ಒಬ್ಬರು, ತಪ್ಪಿಸಿಕೊಳ್ಳುವ ಮೂವರು, ಒಟ್ಟು ನಾಲ್ಕೇ ಜನ. ‘ಖೋ-ಖೋ ಒಂದು ಗಂಟೆ’ ಎಂದು 50 ಜನರೂ ಬರೆದರೆ ಪ್ರಶ್ನಾವಳಿ ಅದನ್ನು 50 ಗಂಟೆ ಜೋರಾದ ಚಟುವಟಿಕೆ ಎಂದೇ ಕೂಡಿಕೊಳ್ಳುತ್ತದೆ. ಉದ್ದಜಿಗಿತ, ಗುಂಡು ಎಸೆತದಲ್ಲಿ ಸಾಲಲ್ಲಿ ನಿಂತು ಕಾಯುವ ಹೊತ್ತಿನ ಕಥೆ ಬಿಡಿಸಿ ಹೇಳಬೇಕಿಲ್ಲ.

ಇದು ಇಲ್ಲಿಯದಷ್ಟೇ ದೋಷವೂ ಅಲ್ಲ. 12 ದೇಶಗಳಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಮೂಲ ಅಧ್ಯಯನದಲ್ಲೇ, ಒಬ್ಬರಿಗೇ ಎರಡು ಸಲ ಕೇಳಿದಾಗಿನ ಹೊಂದಾಣಿಕೆ (ಪೂರ್ತಿ ಹೊಂದಿದರೆ 1) ಸುಮಾರು 0.8 ಇದ್ದರೆ, ಸೊಂಟಕ್ಕೆ ಕಟ್ಟಿದ ಅಕ್ಸೆಲೆರೋಮೀಟರ್ (ಚಲನೆ ಅಳೆಯುವ ಯಂತ್ರ) ಜೊತೆಗಿನ ಹೊಂದಾಣಿಕೆ ಸುಮಾರು 0.3. ಜನ ತಮ್ಮ ಮಾತಿಗೆ ತಾವು ನಿಲ್ಲುತ್ತಾರೆ, ಆದರೆ ಆ ಮಾತು ಯಂತ್ರ ಕಂಡದ್ದಕ್ಕೆ ಹತ್ತಿರವಿಲ್ಲ ಎಂದರ್ಥ. ಚಿಕ್ಕ ನಮೂನೆಯ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿದ 2011ರ ಪರಿಶೀಲನೆಯಲ್ಲಿ ಯಂತ್ರದ ಅಳತೆಗಿಂತ ಸರಾಸರಿ ಶೇ. 84ರಷ್ಟು ಹೆಚ್ಚು ಬರೆಯುತ್ತಾರೆಂದು ಕಂಡಿತ್ತು. ಕ್ರೀಡೆಯೇ ಓದಾಗಿರುವವರಿಗೆ ಹೆಚ್ಚು ಬರೆಯಲು ಇನ್ನೊಂದು ಕಾರಣ ಇದೆ: ಕೇಳುವವರು ತಮ್ಮದೇ ಮೇಷ್ಟ್ರು, ಆಂತರಿಕ ಅಂಕವೂ ಅವರ ಕೈಯಲ್ಲೇ.

ಬಳಸಲೇಬೇಕಾದರೆ ಕೆಲವು ಎಚ್ಚರ. ಹಾಳೆಯಲ್ಲಿ ಹೆಸರು, ನೋಂದಣಿ ಸಂಖ್ಯೆ ಬೇಡ, ಗುಟ್ಟಿನ ಸಂಕೇತ ಸಾಕು. ಹಂಚುವವರು ಅವರಿಗೆ ಪಾಠ ಮಾಡದವರಾಗಿರಲಿ. ಅಂತರ ಕಾಲೇಜು ಕ್ರೀಡಾಕೂಟದ ಮರುವಾರ, ದಸರಾ ರಜೆಯ ಮರುವಾರ, ಪರೀಕ್ಷೆಯ ವಾರ, ಬೋಧನಾ ಅಭ್ಯಾಸಕ್ಕೆ ಶಾಲೆಗಳಿಗೆ ಹೋಗಿದ್ದ ವಾರ, ಇವು ಯಾವುವೂ ‘ಕಳೆದ 7 ದಿನ’ ಆಗಬಾರದು. ಹಾಗೇನಾದರೂ ಆದರೆ ಆ ವಾರವನ್ನೇ ಅಧ್ಯಯನದ ವಿಷಯ ಮಾಡಿಕೊಳ್ಳಿ, ಬೇರೆ ವಾರಗಳ ಜೊತೆ ಬೆರೆಸಬೇಡಿ. ಜೋರು ಯಾವುದು, ಮಧ್ಯಮ ಯಾವುದು ಎಂದು ಆಟದ ಹೆಸರಿನಿಂದ ಹೇಳಿಕೊಡಬೇಡಿ, ಉಸಿರಿನಿಂದ ಹೇಳಿಕೊಡಿ: ಮಾತಾಡಲು ಆಗುತ್ತದೆ ಆದರೆ ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ, ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಜೋರು. ಅಂಕಿ ಕೂಡಿಸುವ ಹಂತದಲ್ಲಿ ಐಪ್ಯಾಕ್‌ನ ಸ್ವಂತ ನಿಯಮಗಳನ್ನು ಬಿಡಬಾರದು. ಒಂದು ಬಗೆಗೆ ದಿನಕ್ಕೆ 180 ನಿಮಿಷಕ್ಕಿಂತ ಹೆಚ್ಚು ಬರೆದಿದ್ದರೆ 180ಕ್ಕೆ ಇಳಿಸಬೇಕು, 10 ನಿಮಿಷಕ್ಕಿಂತ ಕಡಿಮೆ ಇದ್ದರೆ ಸೊನ್ನೆ, ಮೂರೂ ಸೇರಿ ದಿನಕ್ಕೆ 960 ನಿಮಿಷ ದಾಟಿದ ಹಾಳೆಯನ್ನೇ ಬಿಡಬೇಕು. ಈ ಶುದ್ಧೀಕರಣ ಮಾಡದೆಯೇ ಸರಾಸರಿ ತೆಗೆದ ಕೋಷ್ಟಕ ಕಂಡರೆ ಮುಂದೆ ಓದುವುದು ವ್ಯರ್ಥ. ಇನ್ನು, ಅಂಕಿಗಳು ಒಂದೇ ಕಡೆ ವಾಲಿರುವುದರಿಂದ ಸರಾಸರಿಗಿಂತ ಮಧ್ಯಾಂಕ (ಏರಿಕೆಯ ಸಾಲಿನಲ್ಲಿಟ್ಟಾಗ ನಟ್ಟನಡುವೆ ಬರುವ ಅಂಕಿ) ಕೊಡಬೇಕೆಂದು ಐಪ್ಯಾಕ್‌ನ ಮಾರ್ಗದರ್ಶಿಯೇ ಹೇಳುತ್ತದೆ.

10 ನಿಮಿಷದ ನಿಯಮದ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಅಥವಾ 75ರಿಂದ 150 ನಿಮಿಷ ಜೋರಾದ ಚಟುವಟಿಕೆ ಎಂದಿತು; ಒಂದೇ ಸಮನೆ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ಷರತ್ತನ್ನು ಕೈಬಿಟ್ಟಿತು. ಪ್ರಶ್ನಾವಳಿಗಳು ಅದನ್ನು ಹಿಡಿದುಕೊಂಡೇ ಇವೆ. 30 ಸೆಕೆಂಡಿನ ದಾಳಿ, ಮತ್ತೆ ನಿಲುಗಡೆ, ಮತ್ತೆ ದಾಳಿ ಎಂದು ಸಾಗುವ ಕಬಡ್ಡಿಯನ್ನು ಈ ಷರತ್ತಿನೊಳಗೆ ಪ್ರಾಮಾಣಿಕವಾಗಿ ತುಂಬಿಸುವುದು ಕಷ್ಟ.

ಜಿಪ್ಯಾಕ್ ಏಕೆ ವಾಸಿ

ಜಿಪ್ಯಾಕ್ ಎಂದರೆ ಜಾಗತಿಕ ದೈಹಿಕ ಚಟುವಟಿಕೆ ಪ್ರಶ್ನಾವಳಿ. ವಿಶ್ವ ಆರೋಗ್ಯ ಸಂಸ್ಥೆಯ ಈ ಪ್ರಶ್ನಾವಳಿಯಲ್ಲಿ 16 ಪ್ರಶ್ನೆ. ಇದೂ ಬಾಯಿಮಾತಿನದೇ, ಉತ್ಪ್ರೇಕ್ಷೆ ಇಲ್ಲೂ ತಪ್ಪದು. ಆದರೆ ಇದು ಕೆಲಸ, ಓಡಾಟ, ಬಿಡುವಿನ ಹೊತ್ತು ಎಂದು ಮೂರು ಕೋಣೆ ಮಾಡುತ್ತದೆ. ‘ಕೆಲಸ’ದ ಕೋಣೆಯಲ್ಲಿ ಸಂಬಳದ ಕೆಲಸದ ಜೊತೆಗೆ ಓದು-ತರಬೇತಿ, ಮನೆಗೆಲಸ, ಬೆಳೆ ಕೊಯ್ಲು ಎಲ್ಲವೂ ಸೇರುತ್ತವೆ. ಹಾಗಾಗಿ ವೇಳಾಪಟ್ಟಿಯ ಕಬಡ್ಡಿ ‘ಕೆಲಸ’ಕ್ಕೆ ಹೋಗುತ್ತದೆ, ಸಂಜೆ ತಾವಾಗಿಯೇ ಸೇರಿ ಆಡಿದ ವಾಲಿಬಾಲ್ ‘ಬಿಡುವಿ’ಗೆ ಹೋಗುತ್ತದೆ. ಮೇಲೆ ಹೇಳಿದ ಎರಡು ಸಂಗತಿ ಒಂದೇ ಹಾಳೆಯಲ್ಲಿ ಬೇರೆಯಾಗಿ ಕಾಣುತ್ತವೆ. ಬಿ.ಕಾಂ. ತರಗತಿಯ ಜೊತೆ ಹೋಲಿಕೆ ಮಾಡುವುದೇ ಆದರೆ ಬಿಡುವಿನ ಕೋಣೆಯನ್ನು ಬಿಡುವಿನ ಕೋಣೆಯ ಜೊತೆ ಹೋಲಿಸಿ. ಅಲ್ಲಿ ವ್ಯತ್ಯಾಸ ಸಿಕ್ಕಿದರೆ ಅದಕ್ಕೆ ಬೆಲೆ.

ಮಲೆನಾಡಿಗೆ ಇನ್ನೊಂದು ಅನುಕೂಲ. ಪುನರ್ವಸು, ಪುಷ್ಯ ಮಳೆಯಲ್ಲಿ ನಾಟಿಗೆ ಇಳಿದವರು, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹೋದವರು, ಗೊನೆ ಕೊಯ್ಲಿನಲ್ಲಿ ಅಡಿಕೆ ಹೊತ್ತವರು ಅದನ್ನು ಬರೆಯಲು ಜಾಗ ಇದೆ. ಐಪ್ಯಾಕ್ ಚಿಕ್ಕ ನಮೂನೆಯೂ ಇವನ್ನೆಲ್ಲ ಸೇರಿಸಿಕೊಳ್ಳಿ ಎನ್ನುತ್ತದೆ, ಆದರೆ ಬೇರೆ ಮಾಡಿ ಕೇಳುವುದಿಲ್ಲ. ಆಟಗಾರನ ಕಿವಿಗೆ ‘ದೈಹಿಕ ಚಟುವಟಿಕೆ’ ಎಂದರೆ ಮೈದಾನ ಮಾತ್ರ, ಗದ್ದೆಯ ಕೆಲಸ ಬಿಟ್ಟೇ ಹೋಗುತ್ತದೆ.

ಜಿಪ್ಯಾಕ್‌ನ ತೊಂದರೆ ಎಂದರೆ ಅದು ‘ಕಳೆದ 7 ದಿನ’ ಎನ್ನುವುದಿಲ್ಲ, ‘ಸಾಮಾನ್ಯವಾಗಿ ಒಂದು ವಾರದಲ್ಲಿ’ ಎನ್ನುತ್ತದೆ. ಶಿವಮೊಗ್ಗ ಪಟ್ಟಣದಲ್ಲಿ ಬೆಳೆದವರಿಗೂ ಆಗುಂಬೆ, ಹೊಸನಗರದ ಕಡೆಯವರಿಗೂ ಜುಲೈ ವಾರ ಒಂದೇ ಅಲ್ಲ. ಒಬ್ಬರಿಗೇ ಜುಲೈ ಮತ್ತು ಜನವರಿ ಒಂದೇ ಅಲ್ಲ. ಹಾಳೆಯ ಮೇಲೆ ತಿಂಗಳನ್ನು ಅಚ್ಚು ಹಾಕಿ, ‘ಈ ತಿಂಗಳ ಸಾಮಾನ್ಯ ವಾರ’ ಎಂದೇ ಕೇಳಬೇಕು. ಮಳೆಗಾಲದಲ್ಲೊಮ್ಮೆ, ಜನವರಿಯಲ್ಲೊಮ್ಮೆ. ಒಂದೇ ಸಲ ಮಾಡಿದ ಸಮೀಕ್ಷೆ ಮಲೆನಾಡಿನ ಮಟ್ಟಿಗೆ ಅರ್ಧ ಸಮೀಕ್ಷೆ.

ಇನ್ನೊಂದು ಕೊರತೆಯನ್ನು ನೀವೇ ತುಂಬಬೇಕು. 2020ರ ಮಾರ್ಗಸೂಚಿ ಸ್ನಾಯು ಬಲದ ವ್ಯಾಯಾಮ ವಾರಕ್ಕೆ ಕನಿಷ್ಠ 2 ದಿನ ಬೇಕೆನ್ನುತ್ತದೆ. ಎರಡೂ ಪ್ರಶ್ನಾವಳಿ ಅದನ್ನು ಪ್ರತ್ಯೇಕವಾಗಿ ಕೇಳುವುದಿಲ್ಲ. ದಂಡೆ, ಬೈಠಕ್, ತೂಕ ಎತ್ತುವುದು, ಗರಡಿ ಸಾಧನೆ ವಾರಕ್ಕೆ ಎಷ್ಟು ದಿನ ಎಂದು ಒಂದು ಸಾಲು ಕೆಳಗೆ ಸೇರಿಸಿದರೆ ಸಾಕು.

ಸೊಂಟದ ಪೆಡೋಮೀಟರ್

ಎರಡು ಜಾತಿ. ಹಳೆಯದರಲ್ಲಿ ಸ್ಪ್ರಿಂಗಿಗೆ ತೂಗಿದ ಸಣ್ಣ ಕಡ್ಡಿ ಇರುತ್ತದೆ, ಸೊಂಟ ಮೇಲೆ ಕೆಳಗೆ ಆದಾಗಲೆಲ್ಲ ಅದು ಬಡಿದು ಒಂದು ಎಣಿಕೆ. ಯಾಮ್ಯಾಕ್ಸ್ ಡಿಜಿವಾಕರ್ ಎಸ್‌ಡಬ್ಲ್ಯೂ-200 ಈ ಜಾತಿಯ ಹೆಸರುವಾಸಿ ಮಾದರಿ. ಸಂಶೋಧನೆಯಲ್ಲಿ ಬಹಳ ಕಾಲ ಅದೇ ಅಳತೆಗೋಲು. ಹೊಸ ಜಾತಿಯಲ್ಲಿ ಪೀಜೋ ಸಂವೇದಕ, ಅಂದರೆ ಅದುಮಿದಾಗ ಇಲ್ಲವೇ ಬಾಗಿದಾಗ ಸಣ್ಣ ವಿದ್ಯುತ್ ಹೊಮ್ಮಿಸುವ ಹರಳು. ಓಮ್ರಾನ್‌ನ ಜೇಬು ಪೆಡೋಮೀಟರ್‌ಗಳು ಈ ಬಗೆಯವು.

ಕಡ್ಡಿಯ ಜಾತಿ ನೆಟ್ಟಗೆ ನಿಂತರೆ ಮಾತ್ರ ಸರಿ ಎಣಿಸುತ್ತದೆ. ಟ್ರ್ಯಾಕ್ ಪ್ಯಾಂಟಿನ ಸಡಿಲ ಇಲಾಸ್ಟಿಕ್‌ಗೆ ಸಿಕ್ಕಿಸಿದರೆ ಮುಂದಕ್ಕೆ ವಾಲುತ್ತದೆ, ಹೆಜ್ಜೆ ತಪ್ಪಿಹೋಗುತ್ತವೆ. ಹೊಟ್ಟೆ ಮುಂದೆ ಬಂದವರಲ್ಲೂ ಇದೇ ತೊಂದರೆ. ಪೀಜೋ ಜಾತಿಗೆ ವಾಲಿದರೂ ಅಷ್ಟು ಚಿಂತೆಯಿಲ್ಲ. ಬಸ್ಸಿನಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ: ಶಿವಮೊಗ್ಗದಿಂದ ಶಂಕರಘಟ್ಟಕ್ಕೆ ಕುಳಿತು ಹೋದರೂ ರಸ್ತೆಯ ಗುಂಡಿಗಳಿಗೆ ಕಡ್ಡಿ ಬಡಿದು ಎಣಿಕೆ ಏರುತ್ತದೆ. ಓಮ್ರಾನ್ ಬಗೆಯದು ಮೊದಲ 4 ಸೆಕೆಂಡಿನ ಸತತ ನಡಿಗೆ ಕಂಡಮೇಲೆ ಮಾತ್ರ ಎಣಿಕೆ ಒಪ್ಪಿಕೊಳ್ಳುವುದರಿಂದ ಬಿಡಿ ಕುಲುಕಾಟ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದೇ ಜಾಣತನ ವಾಲಿಬಾಲ್ ಅಂಕಣದಲ್ಲಿ ತಿರುಗುಬಾಣ. ಎರಡು ಹೆಜ್ಜೆ, ಜಿಗಿತ, ನಿಲುಗಡೆ. ಮತ್ತೆ ಮೂರು ಹೆಜ್ಜೆ. 4 ಸೆಕೆಂಡು ತುಂಬುವುದೇ ಇಲ್ಲ, ಆಟಗಾರ ಬೆವತರೂ ಯಂತ್ರ ಸುಮ್ಮನಿರುತ್ತದೆ.

ಇಡೀ ವಾರ ಕಟ್ಟಿಸುವುದಕ್ಕೆ ನಮ್ಮ ಆಯ್ಕೆ ಪೀಜೋ. ಅಂಕಣದ ಆಟಗಳ ಕೊರತೆಯನ್ನು ಬೇರೆ ರೀತಿ ತುಂಬಿಸಬಹುದು, ಅದನ್ನು ಕೆಳಗೆ ಹೇಳಿದೆ. ದಿನಕ್ಕೆ ಎರಡು ಸಲ ಬಸ್ಸಿನಲ್ಲಿ ಸೇರುವ ಸುಳ್ಳು ಹೆಜ್ಜೆಯನ್ನು ಆಮೇಲೆ ಕಳೆಯುವುದು ಕಷ್ಟ. ಈಗಾಗಲೇ ಕಾಲೇಜಿನ ಬೀರುವಿನಲ್ಲಿ ಕಡ್ಡಿಯ ಜಾತಿ ಇದ್ದರೆ ಎಸೆಯಬೇಡಿ, ಹತ್ತುವಾಗ ಒಮ್ಮೆ ಇಳಿಯುವಾಗ ಒಮ್ಮೆ ಅಂಕಿ ಬರೆಸಿ.

ಕಟ್ಟುವ ಜಾಗ: ಮೊಣಕಾಲಿನ ನೇರಕ್ಕೆ, ತೊಡೆಯ ನಡುಗೆರೆಯ ಮೇಲೆ, ಸೊಂಟಪಟ್ಟಿಯಲ್ಲಿ. ಚೂಡಿದಾರ್ ಹಾಕುವ ದಿನ ಸಿಕ್ಕಿಸಲು ಜಾಗವೇ ಇರುವುದಿಲ್ಲ, ಹಾಗಾಗಿ ಪೆಡೋಮೀಟರ್ ಜೊತೆ ಅಗಲವಾದ ಇಲಾಸ್ಟಿಕ್ ಪಟ್ಟಿಯೊಂದನ್ನು ಎಲ್ಲರಿಗೂ ಕೊಡಿ; ಹೊಲಿಸಿದರೆ ಕಡಿಮೆಗೆ ಆಗುತ್ತದೆ. ಜಾರಿ ಬಿದ್ದು ಕಳೆದುಹೋಗದಂತೆ ಒಂದು ದಾರವನ್ನೂ ಪಟ್ಟಿಗೆ ಕಟ್ಟಿಬಿಡಿ. ಮೈದಾನದ ಅಂಚಿನ ಹುಲ್ಲಿನಲ್ಲಿ ಬಿದ್ದದ್ದನ್ನು ಉಂಬಳದ (ಜಿಗಣೆಯ) ಕಾಲದಲ್ಲಿ ಯಾರೂ ಹುಡುಕಲು ಹೋಗುವುದಿಲ್ಲ.

ಪ್ರತಿ ಯಂತ್ರಕ್ಕೂ ಕೊಡುವ ಮುಂಚೆ 20 ಹೆಜ್ಜೆ ಪರೀಕ್ಷೆ ಮಾಡಿ. ಸೊನ್ನೆಗೆ ತಂದು, ಸಹಜ ವೇಗದಲ್ಲಿ ಎಣಿಸಿ 20 ಹೆಜ್ಜೆ ಹಾಕಿ. ಅಂಕಿ 19ರಿಂದ 21ರೊಳಗೆ ಇದ್ದರೆ ಸೈ. ಇಲ್ಲದಿದ್ದರೆ ಜಾಗ ಸ್ವಲ್ಪ ಬದಿಗೆ ಸರಿಸಿ ಮತ್ತೊಮ್ಮೆ. ಆಗಲೂ ತಪ್ಪಿದರೆ ಆ ವ್ಯಕ್ತಿಗೆ ಆ ಯಂತ್ರ ಬೇಡ. ಒಂದೇ ಯಂತ್ರ ಒಬ್ಬರ ಸೊಂಟದಲ್ಲಿ ಸರಿಯಾಗಿದ್ದು ಇನ್ನೊಬ್ಬರಲ್ಲಿ ತಪ್ಪುವುದುಂಟು, ಆದ್ದರಿಂದ ಪರೀಕ್ಷೆ ಹಂಚುವವರು ಮಾಡಿದರೆ ಸಾಲದು, ಧರಿಸುವವರೇ ಮಾಡಬೇಕು. ತೀರಾ ನಿಧಾನದ ನಡಿಗೆಯಲ್ಲಿ, ಅಂದರೆ ನಿಮಿಷಕ್ಕೆ ಸುಮಾರು 54 ಮೀಟರ್‌ಗಿಂತ ಕಡಿಮೆ ವೇಗದಲ್ಲಿ, ಬಹುತೇಕ ಪೆಡೋಮೀಟರ್‌ಗಳು ಕಡಿಮೆ ಎಣಿಸುತ್ತವೆ. ಈ ವಯಸ್ಸಿನವರಿಗೆ ಅದು ದೊಡ್ಡ ವಿಷಯವಲ್ಲ.

ಅಂಕಿ ಕಂಡರೆ ಯಾರಿಗಾದರೂ ಹೆಚ್ಚಿಸುವ ಹುರುಪು ಬರುತ್ತದೆ, ಕ್ರೀಡೆಯವರಿಗೆ ಕೇಳಬೇಕೇ? ಮುಚ್ಚಳಕ್ಕೆ ಅಂಟುಪಟ್ಟಿ ಹಾಕಿ, ಮೊದಲ ದಿನದ ಅಂಕಿ ಬಿಟ್ಟುಬಿಡಿ. 7 ದಿನ ಕಟ್ಟಿಸಿ, ಅದರಲ್ಲಿ ಒಂದು ಭಾನುವಾರ ಬರಲೇಬೇಕು. ದಿನಕ್ಕೆ 10 ಗಂಟೆಗಿಂತ ಕಡಿಮೆ ಕಟ್ಟಿದ ದಿನ ಲೆಕ್ಕಕ್ಕಿಲ್ಲ. ವಯಸ್ಕರಲ್ಲಿ ಸರಾಸರಿ ನಂಬುವಷ್ಟಾಗಲು ಸರಿಯಾದ 3-4 ದಿನವಾದರೂ ಬೇಕು. ಯಂತ್ರಗಳು ಕಡಿಮೆ ಇವೆ ಎಂದು 10 ಇಟ್ಟುಕೊಂಡು 50 ಜನರಿಗೆ ಐದು ವಾರ ಸರದಿ ಹಾಕುವುದು ಮಾತ್ರ ಬೇಡ. ಮೊದಲ ವಾರ ಬಿಸಿಲು, ಮೂರನೆಯ ವಾರ ಜಡಿಮಳೆ. ಸಿಕ್ಕ ವ್ಯತ್ಯಾಸ ಮನುಷ್ಯರದೋ ಮಳೆಯದೋ ತಿಳಿಯುವುದಿಲ್ಲ. ಬದಲಿಗೆ ಚೀಟಿ ಎತ್ತಿ 20 ಜನರನ್ನು ಆರಿಸಿ, ಒಂದೇ ವಾರ ಎಲ್ಲರಿಗೂ ಕಟ್ಟಿಸಿ.

ಬಂದ ಅಂಕಿಯನ್ನು ಹೇಗೆ ಓದುವುದು? ಸಂಶೋಧನೆಯಲ್ಲಿ ಬಳಕೆಯಲ್ಲಿರುವ ವರ್ಗೀಕರಣ ಹೀಗಿದೆ: ದಿನಕ್ಕೆ 5000ಕ್ಕಿಂತ ಕಡಿಮೆ ಎಂದರೆ ಜಡ, 7500ರವರೆಗೆ ಕಡಿಮೆ, 10000ದವರೆಗೆ ಸುಮಾರು, 12500ರವರೆಗೆ ಚುರುಕು, ಅದರಾಚೆ ಬಹಳ ಚುರುಕು. 10000 ಎಂಬ ದುಂಡು ಅಂಕಿ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪೆಡೋಮೀಟರಿನ ಹೆಸರಿನಿಂದ; ಅದಕ್ಕೆ ವೇದವಾಕ್ಯದ ಪಟ್ಟ ಬೇಡ. ಬಿ.ಪಿ.ಎಡ್. ತರಗತಿಗೆ ಒಟ್ಟು ಅಂಕಿಗಿಂತ ಮೂರು ತುಂಡು ಮುಖ್ಯ: ಪ್ರಾಯೋಗಿಕ ತರಗತಿ ಶುರುವಾಗುವಾಗಿನ ಅಂಕಿ, ಮುಗಿದಾಗಿನದು, ಮಲಗುವಾಗಿನದು. ಇದಕ್ಕಾಗಿ ತಂಡದ ನಾಯಕರು ಅಂಟುಪಟ್ಟಿ ಬಿಚ್ಚಿ ಬರೆದುಕೊಂಡು ಮತ್ತೆ ಅಂಟಿಸಬೇಕು. ಕಳೆದು ನೋಡಿದರೆ ತರಗತಿಯ ಹೆಜ್ಜೆ ಎಷ್ಟು, ಸ್ವಂತ ಹೊತ್ತಿನ ಹೆಜ್ಜೆ ಎಷ್ಟು ಎಂದು ಬಿಡಿಬಿಡಿಯಾಗಿ ಬರುತ್ತದೆ. 400 ಮೀಟರ್ ಟ್ರ್ಯಾಕಿನಲ್ಲಿ 5 ಸುತ್ತು ಓಡಿದರೆ ಹೆಜ್ಜೆಯೊಂದಕ್ಕೆ ಮೀಟರಿನಂತೆ ಹಿಡಿದು ಸುಮಾರು 2000 ಹೆಜ್ಜೆ. ಬೆಳಗಿನ ತರಗತಿಯ ಅಂಕಿ ಅದನ್ನು ಬಹಳ ದಾಟದಿದ್ದರೆ, ಓಟ ಮುಗಿದಮೇಲೆ ನಡೆದದ್ದೇನು ಎಂದು ಕೇಳಬಹುದು.

ಪೆಡೋಮೀಟರಿಗೆ ಕಾಣದವು ಹಲವು. ಸೈಕಲ್, ಈಜು, ಯೋಗಾಸನ, ದಂಡೆ, ತೂಕ, ಗುಂಡು ಎಸೆತ ಇವುಗಳಲ್ಲಿ ಅದು ಕುರುಡು. ಲೇಜಿಮ್‌ನಲ್ಲಿ ಕಾಲೂ ತಾಳ ಹಾಕುವುದರಿಂದ ಎಣಿಕೆ ಬರುತ್ತದೆ, ಡಂಬೆಲ್ಸ್‌ನಲ್ಲಿ ಅರೆಬರೆ. ಏರು ದಾರಿಯ ಹೆಜ್ಜೆಗೂ ಸಮತಟ್ಟಿನ ಹೆಜ್ಜೆಗೂ ಅದಕ್ಕೆ ಭೇದವಿಲ್ಲ. ಗುಡ್ಡದ ನಡುವಿನ ಆವರಣದಲ್ಲಿ ಹಾಸ್ಟೆಲ್‌ನಿಂದ ತರಗತಿಗೆ ಹತ್ತಿ ಬರುವವರ ಶ್ರಮ ಕಡಿಮೆಯಾಗಿ ಕಾಣುತ್ತದೆ. ಇವಕ್ಕೆಲ್ಲ ನೋಟ್‌ಬುಕ್ಕೇ ಗತಿ.

ನೋಟ್‌ಬುಕ್, ಮತ್ತು ಗಡಿಯಾರ ಹಿಡಿದ ಒಬ್ಬರು

ನೋಟ್‌ಬುಕ್ಕಿನ ಪುಟಕ್ಕೆ ನಾಲ್ಕು ಕಾಲಂ ಸಾಕು: ಹೊತ್ತು, ಏನು ಮಾಡಿದ್ದು, ಅದರಲ್ಲಿ ಅಂಕಣದೊಳಗೆ ಇದ್ದ ನಿಮಿಷ, ಉಸಿರಿನ ಸ್ಥಿತಿ. ಮೂರನೆಯ ಕಾಲಂ ಇಲ್ಲದ ನೋಟ್‌ಬುಕ್ ಐಪ್ಯಾಕ್‌ನ ಇನ್ನೊಂದು ಅವತಾರ. ರಾತ್ರಿ ಒಟ್ಟಿಗೆ ಬರೆದರೆ ಮರೆವು ಸೇರುತ್ತದೆ, ಊಟಕ್ಕೆ ಮುಂಚೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಬರೆಸಿ.

ಬರೆದದ್ದು ನಿಜವೇ ಎಂದು ತಾಳೆ ನೋಡಲು 1991ರಿಂದ ಬಳಕೆಯಲ್ಲಿರುವ ಸೋಫಿಟ್ ಎಂಬ ವೀಕ್ಷಣಾ ಕ್ರಮ ಇದೆ. ಯಂತ್ರ ಬೇಡ, ಗಡಿಯಾರ ಮತ್ತು ಹಾಳೆ ಸಾಕು. ತರಗತಿಯಲ್ಲಿ 4 ಜನರನ್ನು ಆರಿಸಿ, ತಲಾ 4 ನಿಮಿಷದಂತೆ ಸರದಿಯಲ್ಲಿ ನೋಡಬೇಕು. 10 ಸೆಕೆಂಡು ನೋಡುವುದು, 10 ಸೆಕೆಂಡು ಬರೆಯುವುದು. ನಮಗೆ ಬೇಕಾದದ್ದು ಅದರ ಒಂದೇ ಅಂಕಿ: ಮಲಗಿದ್ದರೆ 1, ಕೂತಿದ್ದರೆ 2, ನಿಂತಿದ್ದರೆ 3, ನಡೆಯುತ್ತಿದ್ದರೆ 4, ಅದಕ್ಕಿಂತ ಜೋರಾಗಿದ್ದರೆ 5. ಒಬ್ಬರಿಗೆ 4 ನಿಮಿಷದಲ್ಲಿ 12 ಅಂಕಿ ಸಿಗುತ್ತವೆ. ತರಗತಿ ಮುಗಿದಾಗ 4 ಮತ್ತು 5 ಒಟ್ಟಿನಲ್ಲಿ ಶೇಕಡ ಎಷ್ಟು ಎಂದು ತೆಗೆಯಿರಿ. ಶಾಲಾ ದೈಹಿಕ ಶಿಕ್ಷಣದ ತರಗತಿಯಲ್ಲಿ ಅರ್ಧದಷ್ಟಾದರೂ ಹೊತ್ತು ಮಕ್ಕಳು ಚಟುವಟಿಕೆಯಲ್ಲಿರಬೇಕು ಎಂಬುದು ಸಾಮಾನ್ಯ ಗುರಿ. ಕಲಿಸಲು ಕಲಿಯುತ್ತಿರುವವರ ತರಗತಿಯೇ ಅದನ್ನು ಮುಟ್ಟದಿದ್ದರೆ ಪ್ರಬಂಧಕ್ಕೆ ಅಲ್ಲೇ ಒಳ್ಳೆಯ ವಿಷಯವಿದೆ. ಇದನ್ನು ಕಲಿತವರು ಬೋಧನಾ ಅಭ್ಯಾಸದಲ್ಲಿ ಒಬ್ಬರ ಪಾಠವನ್ನು ಇನ್ನೊಬ್ಬರು ಅಳೆಯಬಹುದು. ಇಡೀ ವಿಮರ್ಶೆಯಲ್ಲಿ ಖರ್ಚಿಗೆ ಹೋಲಿಸಿದರೆ ಹೆಚ್ಚು ಕೊಡುವುದು ಇದೇ. ಕಬಡ್ಡಿ, ವಾಲಿಬಾಲ್, ಖೋ-ಖೋದಲ್ಲಿ ಪೆಡೋಮೀಟರ್ ಬಿಟ್ಟ ಜಾಗ ತುಂಬುವುದೂ ಇದರಿಂದಲೇ.

ಕೈಯ ಬ್ಯಾಂಡ್, ಜೇಬಿನ ಮೊಬೈಲ್

ಬ್ಯಾಂಡ್ ಬಗ್ಗೆ ಬಹಳ ಹೇಳಬೇಕಿಲ್ಲ. ತರಗತಿಯ ಅಳತೆಗೆ ಅದು ಸೋಲುವುದು ಮುಖ್ಯವಾಗಿ ಒಂದು ಕಾರಣಕ್ಕೆ: ಅತಿ ಜೋರಾದ ಹೊತ್ತಿನಲ್ಲೇ ಅದನ್ನು ಬಿಚ್ಚಿಡಬೇಕು. ಕಬಡ್ಡಿ, ಕುಸ್ತಿಯಲ್ಲಿ ಕೈಗೆ ಗಟ್ಟಿ ವಸ್ತು ಕಟ್ಟಿಕೊಂಡು ಇಳಿಯುವಂತಿಲ್ಲ, ವಾಲಿಬಾಲ್‌ನಲ್ಲಿ ಚೆಂಡು ಮುಂಗೈಗೆ ಬಡಿಯುವ ಜಾಗದ ಪಕ್ಕದಲ್ಲೇ ಅದು ಕೂತಿರುತ್ತದೆ. ಬಿಚ್ಚಿಟ್ಟದ್ದನ್ನು ಮತ್ತೆ ಕಟ್ಟುವುದು ಸಂಜೆಗೆ. ಉಳಿದ ಹೊತ್ತಿನಲ್ಲಿ ಕೈ ಲಯವಾಗಿ ಆಡಿದ್ದನ್ನೆಲ್ಲ ಅದು ಹೆಜ್ಜೆ ಎಂದು ತಿಳಿಯುವ ಅಪಾಯ ಇದೆ. ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯೆಲ್ಲ ಅಡಿಕೆ ಸುಲಿದವರಿಗೆ ಮರುದಿನ ಬೆಳಿಗ್ಗೆ ಅಭಿನಂದನೆಯ ಸಂದೇಶ ಬಂದರೆ ಅಚ್ಚರಿಯಿಲ್ಲ. ಬೇರೆ ಬೇರೆ ಕಂಪನಿಯ ಬ್ಯಾಂಡ್‌ಗಳು ಬೇರೆ ಬೇರೆ ಸೂತ್ರದಿಂದ ಎಣಿಸುವುದರಿಂದ, ವಿದ್ಯಾರ್ಥಿಗಳು ತಮ್ಮ ತಮ್ಮದನ್ನು ಕಟ್ಟಿಕೊಂಡು ಬಂದರೆ ಹೋಲಿಕೆಯೂ ಆಗದು.

ಹೃದಯ ಬಡಿತದ ಅಂಕಿ ಉಪಯುಕ್ತ, ಷರತ್ತಿನ ಮೇಲೆ. ಪಟ್ಟಿ ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಇರಬೇಕು. ಸಡಿಲವಿದ್ದರೆ ಓಡುವಾಗ ಅದು ನಾಡಿಯ ಬದಲು ಹೆಜ್ಜೆಯ ಲಯವನ್ನೇ ಹಿಡಿದು ತೋರಿಸುವುದುಂಟು: ನಿಮಿಷಕ್ಕೆ 170 ಹೆಜ್ಜೆ ಹಾಕುತ್ತಿದ್ದರೆ ನಾಡಿಯೂ 170 ಎಂದು. ಅನುಮಾನ ಬಂದರೆ ನಿಂತು ಕುತ್ತಿಗೆಯ ನಾಡಿ 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ ತಾಳೆ ನೋಡಬೇಕು. ಒಬ್ಬರು ತಮ್ಮದೇ ಓಟದ ಅಭ್ಯಾಸವನ್ನು ತಿಂಗಳಿಂದ ತಿಂಗಳಿಗೆ ನೋಡಿಕೊಳ್ಳಲು ಬ್ಯಾಂಡ್‌ನಷ್ಟು ಸಲೀಸಾದದ್ದಿಲ್ಲ, ಅಷ್ಟರಮಟ್ಟಿಗೆ ಮೆಚ್ಚಬೇಕು.

ಮೊಬೈಲ್ ಆ್ಯಪ್ ಪುಕ್ಕಟೆ, ಅಷ್ಟೇ. ಮೈದಾನಕ್ಕೆ ಇಳಿದಾಗ ಫೋನು ಬ್ಯಾಗಿನಲ್ಲಿ, ಬ್ಯಾಗು ಮರದ ಕೆಳಗೆ. ಬ್ಯಾಟರಿ ಉಳಿಸುವ ವ್ಯವಸ್ಥೆ ಹಿನ್ನೆಲೆಯಲ್ಲಿ ಓಡುವ ಆ್ಯಪನ್ನು ನಿಲ್ಲಿಸಿಬಿಡುವುದೂ ಉಂಟು. ಆಕ್ಟಿಗ್ರಾಫ್‌ನಂಥ ಸಂಶೋಧನೆಯ ಅಕ್ಸೆಲೆರೋಮೀಟರ್ ಇವೆಲ್ಲಕ್ಕಿಂತ ಮೇಲು, ನಿಮಿಷ ನಿಮಿಷದ ತೀವ್ರತೆ ಕೊಡುತ್ತದೆ. ಆದರೆ ಒಂದು ಬಿ.ಪಿ.ಎಡ್. ಕಾಲೇಜು ತನ್ನ ದುಡ್ಡಿನಲ್ಲಿ 20 ಕೊಳ್ಳುವ ವಸ್ತುವಲ್ಲ.

ಕೊಳ್ಳುವವರಿಗೆ

ಪೆಡೋಮೀಟರ್ ಆರಿಸುವಾಗ ಮುಚ್ಚಳ ಇರುವುದನ್ನೇ ತೆಗೆದುಕೊಳ್ಳಿ. ಮುಚ್ಚಳವಿಲ್ಲದ ಅಗ್ಗದವುಗಳಲ್ಲಿ ಸೊನ್ನೆಗೆ ತರುವ ಗುಂಡಿ ಹೊರಗೇ ಇರುತ್ತದೆ, ಬಗ್ಗಿದಾಗ ಒತ್ತಿ ದಿನದ ಅಂಕಿ ಅಳಿಸಿಹೋಗುತ್ತದೆ. 7 ದಿನದ ಅಂಕಿ ನೆನಪಿಟ್ಟುಕೊಳ್ಳುವ ಮಾದರಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಗುಂಡಿ ಸೆಲ್ಲು ಶಿವಮೊಗ್ಗದ ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಅಳತೆಯದೇ ಎಂದು ಖಚಿತ ಮಾಡಿಕೊಳ್ಳಿ. 20 ಜನರಿಗೆ ಕೊಡುವುದಿದ್ದರೆ 24 ಕೊಳ್ಳಬೇಕು, ನಾಲ್ಕು ಕೈಕೊಡುತ್ತವೆ ಎಂದೇ ಲೆಕ್ಕ. ಪ್ರತಿಯೊಂದಕ್ಕೂ ಸಂಖ್ಯೆ ಅಂಟಿಸಿ, ಒಬ್ಬರಿಗೆ ಕೊಟ್ಟದ್ದು ಜುಲೈಯಲ್ಲೂ ಜನವರಿಯಲ್ಲೂ ಅದೇ ಇರಲಿ.

ಮಳೆಗಾಲದ ಅಳತೆ ಮುಗಿದ ದಿನವೇ ಸೆಲ್ಲು ಹೊರಗೆ ತೆಗೆದಿಡಿ. ಒಳಗೇ ಬಿಟ್ಟರೆ ತೇವಕ್ಕೆ ತಗಡಿನ ಮೇಲೆ ಹಸಿರು ಕಿಲುಬು ಹತ್ತುತ್ತದೆ. ಎಣಿಕೆ ನಿಲ್ಲದೆ ಆಗಾಗ ತಪ್ಪುವ ಯಂತ್ರಕ್ಕೆ ಬಹಳ ಸಲ ಇದೇ ಕಾರಣ. ಒರಟು ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಉಜ್ಜಿದರೆ ಸರಿಹೋಗಬಹುದು. ಇಲಾಸ್ಟಿಕ್ ಪಟ್ಟಿಗಳನ್ನು ಒಗೆದು, ಒಲೆ ಮೇಲಿನ ಅಟ್ಟದಂಥ ಒಣ ಜಾಗದಲ್ಲಿ ಚೆನ್ನಾಗಿ ಒಣಗಿಸಿದ ಮೇಲೆಯೇ ಯಂತ್ರಗಳ ಜೊತೆ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಪೊಟ್ಟಣ ಎರಡು. ಜನವರಿಯಲ್ಲಿ ಡಬ್ಬಿ ತೆರೆದ ಕೂಡಲೇ ಎಲ್ಲವಕ್ಕೂ 20 ಹೆಜ್ಜೆ ಪರೀಕ್ಷೆ ಮತ್ತೆ ಮಾಡಬೇಕು. ಜುಲೈಯಲ್ಲಿ ಪಾಸಾದದ್ದು ಲೆಕ್ಕಕ್ಕೆ ಬರುವುದಿಲ್ಲ.